ದ್ರಾಕ್ಷಿ ಗೊಂಚಲು ಹಿಡಿದುಕೊಂಡು ಬಣ್ಣದಂಗಡಿಗೆ

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಬ್ಲೌಸ್, ಲಂಗ, ಮಕ್ಕಳ ಫ್ರಾಕ್, ಸೀರೆಗೆ ಫಾಲ್, ಕುಚ್ಚು. ಮನೆಯ ಮುಂದಿನ ಕೋಣೆಯೇ ಅಂಗಡಿ. 10 ಅಡಿಗೆ 12 ಅಡಿ, ಅಷ್ಟೇ. ಹನ್ನೊಂದು ವರ್ಷದಿಂದ ಅಲ್ಲೇ ಮಿಷನ್ ತುಳಿಯುತ್ತಿದ್ದೇನೆ. ಈ ಸಲ ಶಿವರಾತ್ರಿಗೆ ಮುಂಚೆ ಅದಕ್ಕೆ ಬಣ್ಣ ಹೊಡೆಸಿದೆ. ಮೂರೇ ಬಣ್ಣ: ಹಳದಿ, ದಟ್ಟ ನೀಲಿ-ನೇರಳೆ, ಬೂದು. ಬಣ್ಣ ಕಲಸಿ ಕೊಟ್ಟ ಅಂಗಡಿಯ ಬಗ್ಗೆ, ಗೋಡೆಗೆ ಹೊಡೆದ ಮೇಸ್ತ್ರಿಯ ಬಗ್ಗೆ, ಈ ಮೂರು ಬಣ್ಣ ಒಟ್ಟಿಗೆ ಹೇಗೆ ಬಾಳುತ್ತವೆ ಅನ್ನುವುದರ ಬಗ್ಗೆ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ. ಆ ಅಂಗಡಿಯ ಯಜಮಾನರಿಗೆ ಅದು ಇಷ್ಟವಿಲ್ಲ. ಬೇಕಾದವರು ನಮ್ಮ ಅಂಗಡಿಗೆ ಬಂದು ಕೇಳಿ, ದಾರಿ ಹೇಳುತ್ತೇನೆ.

ಮೊದಲು ಆದ ಎಡವಟ್ಟು ಹೇಳಿಬಿಡುತ್ತೇನೆ. ಕಳೆದ ಡಿಸೆಂಬರ್‌ನಲ್ಲಿ ಬೇರೆ ಕಡೆಯವರ ಹತ್ತಿರ ಒಮ್ಮೆ ಬಣ್ಣ ಮಾಡಿಸಿದ್ದೆ. ಫೋನಿನಲ್ಲಿ ಒಂದು ಚಿತ್ರ ತೋರಿಸಿ, ಹೀಗೇ ಬೇಕು ಎಂದೆ. ಅವರು ಶೇಡ್ ಕಾರ್ಡನ್ನೂ ತೋರಿಸಲಿಲ್ಲ, ಸ್ಯಾಂಪಲ್ಲನ್ನೂ ಹಚ್ಚಲಿಲ್ಲ. ಮೂರು ಗೋಡೆಗೆ ನಿಂಬೆಹಣ್ಣಿನ ಹಳದಿ, ಒಂದು ಗೋಡೆಗೆ ಬೂದು. ಮುಗಿದ ಮೇಲೆ ನೋಡಿದರೆ ಬೂದು ಅನ್ನುವ ಗೋಡೆ ತಿಳಿ ನೇರಳೆ ಆಗಿ ಕೂತಿತ್ತು. ಡಬ್ಬಿಯಲ್ಲಿ ಇಣುಕಿದರೆ ಬೂದು, ಗೋಡೆಯಲ್ಲಿ ನೇರಳೆ! ಕೇಳಿದರೆ, "ನೀವು ಹೇಳಿದ ನಂಬರೇ ಮೇಡಂ" ಎಂದರು.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಹಳದಿ ಗೋಡೆ ನನ್ನ ಕೆಲಸಕ್ಕೇ ಪೆಟ್ಟು ಕೊಟ್ಟಿತು. ಒಬ್ಬರು ಮಗಳ ಮದುವೆಗೆ ಅಂತ ಕೆನೆ ಬಣ್ಣದ ರೇಷ್ಮೆ ಸೀರೆ ತಂದಿದ್ದರು. ಅದಕ್ಕೆ ನಾನು ಇಲ್ಲೇ ಕೂತು ಲೈನಿಂಗ್, ದಾರ ಎಲ್ಲ ಹೊಂದಿಸಿದೆ. ಕೋಣೆಯೊಳಗೆ ಸರಿಯಾಗೇ ಕಂಡಿತ್ತು. ಅವರು ಮನೆಗೆ ತೆಗೆದುಕೊಂಡು ಹೋಗಿ ಅಂಗಳದಲ್ಲಿ ಬಿಡಿಸಿದರೆ ದಾರ ಒಂದು ಬಣ್ಣ, ಬಟ್ಟೆ ಇನ್ನೊಂದು ಬಣ್ಣ. ವಾಪಸ್ ತಂದರು. ಬೈಯಲಿಲ್ಲ. ಆದರೆ ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಪೂರ್ತಿ ಬಿಚ್ಚಿ ಮತ್ತೆ ಹೊಲಿದು ಕೊಟ್ಟೆ.

ಕಾರಣ ಸುಲಭ. ಬೆಳಕು ಹಳದಿ ಗೋಡೆಗೆ ಬಿದ್ದು ವಾಪಸ್ ಬರುವಾಗ ಹಳದಿಯನ್ನೂ ಹೊತ್ತು ತರುತ್ತದೆ. ಅದು ಬಟ್ಟೆಯ ಮೇಲೆ ಬೀಳುತ್ತದೆ. ಸಣ್ಣ ಕೋಣೆಯಲ್ಲಿ ಇದು ಇನ್ನೂ ಜಾಸ್ತಿ. ಬಟ್ಟೆಯ ಬಣ್ಣವನ್ನೇ ನೋಡಿ ಬದುಕುವವಳ ಅಂಗಡಿಗೆ ಸುತ್ತ ಹಳದಿ ಗೋಡೆ ಆಗಿಬರುವುದಿಲ್ಲ. ಪ್ರಿಂಟಿಂಗ್‌ನವರು, ಬಟ್ಟೆ ಮಿಲ್‌ನವರು ಬಣ್ಣ ತಾಳೆ ನೋಡುವ ಪೆಟ್ಟಿಗೆಯ ಒಳಗೆ ಬೂದು ಬಣ್ಣವನ್ನೇ ಹೊಡೆಸುತ್ತಾರೆ. ಬೂದು ತನ್ನ ಕಡೆಯಿಂದ ಏನನ್ನೂ ಸೇರಿಸುವುದಿಲ್ಲ, ಅದಕ್ಕೆ. ಇದನ್ನು ನನಗೆ ಹೇಳಿದವಳು ನನ್ನ ತಂಗಿಯ ಮಗಳು. ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದಾಳೆ.

ಹಾಗಿದ್ದರೆ ಎಲ್ಲ ಬೂದು ಮಾಡಿಸಿಬಿಡೋಣ ಎಂದುಕೊಂಡೆ. ನಮ್ಮ ಅತ್ತೆ ಒಪ್ಪಲಿಲ್ಲ. "ವ್ಯಾಪಾರ ಮಾಡೋ ಜಾಗಕ್ಕೆ ಯಾರಾದ್ರೂ ಬೂದಿ ಬಳೀತಾರೇನಮ್ಮಾ?" ಎಂದರು. ಅವರ ಮಾತಿನಲ್ಲೂ ನ್ಯಾಯವಿದೆ. ಬರೀ ಬೂದು ಇದ್ದರೆ ಒಳಗೆ ಬಂದವರಿಗೆ ಆಸ್ಪತ್ರೆಯ ನೆನಪಾಗುತ್ತದೆ. ಮದುವೆ ಬ್ಲೌಸ್ ಹೊಲಿಸಲು ಬಂದವರಿಗೆ ಕಣ್ಣಿಗೆ ಹಬ್ಬ ಆಗಬೇಕು, ಅಲ್ವಾ?

ಉತ್ತರ ಸಿಕ್ಕಿದ್ದು ತವರಿನಲ್ಲಿ. ನನ್ನ ತವರು ನಂದಿ ಕಡೆಯ ಹಳ್ಳಿ. ಅಣ್ಣನದು ದ್ರಾಕ್ಷಿ ತೋಟ, ಬೆಂಗಳೂರು ನೀಲಿ. 2013ರಲ್ಲಿ ಜಿಐ ಗುರುತು, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ ತಳಿ ಅದು. ನಮ್ಮ ಕಡೆ ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ ನಿಲ್ಲಿಸುತ್ತಾರೆ, ಬೂದು ಕಲ್ಲಿನ ಕಂಬ. ಅದರ ಮೇಲೆ ಹಬ್ಬಿದ ಬಳ್ಳಿಯಲ್ಲಿ ದಟ್ಟ ನೀಲಿ-ನೇರಳೆ ಗೊಂಚಲು. ಬದುವಿನ ಆಚೆ ಪಕ್ಕದವರು ಚೆಂಡು ಹೂ ಹಾಕಿದ್ದರು. ಬೆಳಿಗ್ಗೆ ಏಳು ಗಂಟೆಗೆ ಚಪ್ಪರದ ಕೆಳಗೆ ನಿಂತು ನೋಡಿದೆ. ಬೂದು ಕಂಬಗಳ ಸಾಲು, ನಡುವೆ ನೇತಾಡುವ ಗೊಂಚಲು, ಕಂಬದ ಸಂದಿಯಲ್ಲಿ ತೆಳ್ಳಗೆ ಒಂದು ಗೆರೆ ಹಳದಿ. ಹುಟ್ಟಿದಾಗಿನಿಂದ ನೋಡುತ್ತಿರುವ ತೋಟ. ಅವತ್ತು ಮಾತ್ರ ಅದು ಒಂದು ಸೀರೆಯ ಹಾಗೆ ಕಂಡಿತು. ಒಡಲು ಬೂದು, ಸೆರಗು ದ್ರಾಕ್ಷಿ, ಅಂಚು ಹಳದಿ.

ಒಂದು ಗೊಂಚಲು ಕಿತ್ತು ಕಾಗದದಲ್ಲಿ ಸುತ್ತಿಕೊಂಡೆ. ಒಂದು ಹಿಡಿ ಚೆಂಡು ಹೂ. ಕಂಬದ ಬುಡದಲ್ಲಿ ಬಿದ್ದಿದ್ದ ಕಲ್ಲಿನ ಚೂರು ಒಂದು. ಬಸ್ಸು ಹತ್ತಿ ಊರಿಗೆ ಬಂದು ನೇರ ಬಣ್ಣದಂಗಡಿಗೆ ಹೋದೆ.

ಈ ಅಂಗಡಿ ನನಗೆ ಇಷ್ಟವಾದದ್ದು ಅಲ್ಲಿನ ಮೊದಲ ಮಾತಿಗೆ. ಯಜಮಾನರಿಗೆ ಅರವತ್ತರ ಹತ್ತಿರ ವಯಸ್ಸು. ನಾನು ಗಲ್ಲಾ ಮೇಜಿನ ಮೇಲೆ ಗೊಂಚಲು ಇಟ್ಟು, "ಅಣ್ಣಾ, ಈ ಬಣ್ಣ ಬೇಕು" ಎಂದೆ. ಅವರು ನಗಲಿಲ್ಲ. ಒಂದು ಹಣ್ಣು ಕಿತ್ತು ಬೆರಳಲ್ಲಿ ತಿರುಗಿಸಿ ನೋಡಿದರು.

"ಯಾವ ಬಣ್ಣಮ್ಮಾ? ಮೇಲಿನ ಪುಡಿ ಇರೋದಾ, ಒರೆಸಿದ್ದಾ?"

ದ್ರಾಕ್ಷಿ ಹಣ್ಣಿನ ಮೇಲೆ ಬೂದಿ ಸವರಿದ ಹಾಗೆ ಒಂದು ತೆಳ್ಳನೆಯ ಪುಡಿ ಇರುತ್ತದೆ. ಔಷಧಿ ಅಂತ ಎಷ್ಟೋ ಜನ ಅದನ್ನು ಉಜ್ಜಿ ತೊಳೆಯುತ್ತಾರೆ. ಅದು ಹಣ್ಣು ತಾನೇ ಮಾಡಿಕೊಳ್ಳುವ ಮೇಣ. ಪುಡಿ ಇದ್ದಾಗ ಹಣ್ಣು ಮಂಕು ನೀಲಿ. ಹೆಬ್ಬೆರಳಲ್ಲಿ ಒರೆಸಿದರೆ ಒಳಗಿನಿಂದ ನೇರಳೆ ಎದ್ದು ಬರುತ್ತದೆ, ಹೆಚ್ಚುಕಡಿಮೆ ಕಪ್ಪಿಗೆ ಹತ್ತಿರ. ಯಜಮಾನರು ಹಣ್ಣಿನ ಅರ್ಧ ಭಾಗ ಮಾತ್ರ ಒರೆಸಿ ನನ್ನ ಮುಂದೆ ಹಿಡಿದರು. ಒಂದೇ ಹಣ್ಣಿನಲ್ಲಿ ಎರಡು ಬಣ್ಣ. "ಒರೆಸಿದ್ದು ಗೋಡೆಗೆ ಬೇಡ. ಸಂಜೆ ಟ್ಯೂಬ್‌ಲೈಟಿಗೆ ಕಪ್ಪು ಕಾಣ್ತದೆ. ಪುಡಿ ಇರೋದು ತಗೋ" ಎಂದರು. ಆಮೇಲೆ ಶೇಡ್ ಕಾರ್ಡು, ಗೊಂಚಲು, ಹೂ, ಕಲ್ಲು ಎಲ್ಲ ಎತ್ತಿಕೊಂಡು ಅಂಗಡಿಯ ಹೊರಗೆ ಬಂದು ನೆರಳಲ್ಲಿ ನಿಂತರು. ಸೀರೆ ಅಂಗಡಿಯಲ್ಲಿ ನಾವು ಸೀರೆಯನ್ನು ಬಾಗಿಲಿಗೆ ತಂದು ನೋಡುವುದಿಲ್ಲವಾ, ಹಾಗೆ. ಅಲ್ಲಿಗೇ ನನಗೆ ನಂಬಿಕೆ ಬಂತು.

ಹಳದಿಯಲ್ಲಿ ನಾನು ಕಲಿತದ್ದು ಜಾಸ್ತಿ. ಹಳದಿ ಅಂದರೆ ಹಳದಿ ಎಂದುಕೊಂಡಿದ್ದೆ. ಅವರು ಎರಡು ಚೀಟಿ ತೆಗೆದರು. ಒಂದು ನಿಂಬೆಯದು, ಹಸಿರಿನ ಕಡೆ ವಾಲಿದ್ದು. ಇನ್ನೊಂದು ಚೆಂಡು ಹೂವಿನದು, ಕಿತ್ತಳೆ ಕಡೆ ವಾಲಿದ್ದು. ಎರಡನ್ನೂ ದ್ರಾಕ್ಷಿ ಬಣ್ಣದ ಪಕ್ಕ ಇಟ್ಟರು. ನಿಂಬೆ ಹಳದಿ ಪಕ್ಕದಲ್ಲಿ ದ್ರಾಕ್ಷಿ ಬಣ್ಣ ಸ್ವಲ್ಪ ಕೆಂಪಾಗಿ, ಹಳೇ ಸೀರೆಯ ಹಾಗೆ ಕಂಡಿತು. ಚೆಂಡು ಹೂವಿನ ಹಳದಿ ಪಕ್ಕದಲ್ಲಿ ಅದೇ ಬಣ್ಣ ಎದ್ದು ನಿಂತಿತು. ಮನೆಗೆ ಬಂದು ತಂಗಿ ಮಗಳಿಗೆ ಫೋನ್ ಮಾಡಿದೆ. ಅವಳು ಚಿತ್ರ ಕಲಿಸುವವರು ಬಳಸುವ ಬಣ್ಣದ ಚಕ್ರದ ಫೋಟೋ ಕಳಿಸಿದಳು. ಅದರಲ್ಲಿ ನೇರಳೆಗೆ ಎದುರು ಹಳದಿ. ನೇರಳೆ ನೀಲಿಯ ಕಡೆ ಸರಿದರೆ, ಎದುರಿನ ಹಳದಿ ಕಿತ್ತಳೆಯ ಕಡೆ ಸರಿಯುತ್ತದೆ. ಯಜಮಾನರು ಚಕ್ರ ನೋಡಿ ಹೇಳಿದವರಲ್ಲ. ನಲವತ್ತು ವರ್ಷ ಡಬ್ಬಿ ಕಲಸಿದ ಕಣ್ಣು ಅದು.

ಎದುರು ಬದುರಿನ ಈ ಎರಡು ಬಣ್ಣ ಸೇರಿದರೆ ಏನಾಗುತ್ತದೆ ಅನ್ನುವುದು ನಮ್ಮ ಬಟ್ಟೆ ಒಗೆಯುವ ಕಲ್ಲಿಗೆ ಮೊದಲಿಂದ ಗೊತ್ತು. ಬಿಳಿ ಪಂಚೆ ಹಳೆಯದಾದರೆ ಹಳದಿಗಟ್ಟುತ್ತದೆ. ಅದಕ್ಕೆ ಏನು ಹಾಕುತ್ತೇವೆ? ನೀಲಿ. ನೀಲಿ ಅಂತ ಕರೆದರೂ ಬಕೆಟ್ಟಿನ ನೀರು ನೋಡಿ, ಅದು ನೇರಳೆ ಕಡೆಯ ನೀಲಿ. ಅದು ಹಳದಿಯನ್ನು ಹೊಡೆದುಹಾಕುತ್ತದೆ, ಪಂಚೆ ಬೆಳ್ಳಗೆ ಕಾಣುತ್ತದೆ. ಕೈ ತಪ್ಪಿ ನಾಲ್ಕು ಹನಿ ಜಾಸ್ತಿ ಬಿದ್ದರೆ ಪಂಚೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಮ್ಮಮ್ಮ ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವಾಗಲೂ ಒಂದು ಚಿಟಿಕೆ ನೀಲಿ ಪುಡಿ ಸೇರಿಸುತ್ತಿದ್ದರು. ಸುಣ್ಣದ ಹಳದಿ ಛಾಯೆ ಹೋಗಲಿ ಅಂತ. ಹಾಗೆ ನೋಡಿದರೆ ಬೂದು ಹೊರಗಿನಿಂದ ಬಂದ ಮೂರನೆಯ ಬಣ್ಣವಲ್ಲ. ಹಳದಿ ಮತ್ತು ನೇರಳೆ ಒಂದನ್ನೊಂದು ಇಳಿಸಿದಾಗ ಉಳಿಯುವುದೇ ಬೂದು. ಅದಕ್ಕೇ ಈ ಮೂರು ಒಂದೇ ಮನೆಯವರ ಹಾಗೆ ಹೊಂದುತ್ತವೆ. ಇದನ್ನು ಅತ್ತೆಗೆ ಪಂಚೆಯ ಲೆಕ್ಕದಲ್ಲೇ ಹೇಳಿದೆ. ಆಮೇಲೆ ಅವರು ಬೂದಿ ಮಾತು ಎತ್ತಲಿಲ್ಲ.

ಬೂದು ಆರಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕಾರ್ಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೂದು ಇದ್ದವು. ಡಿಸೆಂಬರಿನ ಗೋಡೆ ಯಾಕೆ ನೇರಳೆ ಕಂಡಿತು ಅನ್ನುವುದು ಇಲ್ಲಿ ಗೊತ್ತಾಯಿತು. ನೀವೂ ಮನೆಯಲ್ಲಿ ಮಾಡಿ ನೋಡಿ. ಒಂದೇ ಬೂದು ಬಟ್ಟೆಯಿಂದ ಎರಡು ಚೌಕ ಕತ್ತರಿಸಿ. ಒಂದನ್ನು ಹಳದಿ ಬ್ಲೌಸ್ ಪೀಸ್ ಮೇಲೆ, ಇನ್ನೊಂದನ್ನು ನೇರಳೆ ಪೀಸ್ ಮೇಲೆ ಇಡಿ. ಹಳದಿ ಮೇಲಿನದು ನೇರಳೆ ಛಾಯೆಗೆ ಹೋಗುತ್ತದೆ, ನೇರಳೆ ಮೇಲಿನದು ಹಳದಿ ಛಾಯೆಗೆ. ಪಕ್ಕದ ಬಣ್ಣ ತನ್ನ ಎದುರಿನ ಬಣ್ಣವನ್ನು ಬೂದಿನ ಮೇಲೆ ಹೇರುತ್ತದೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಇದರ ಮೇಲೆ 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರಂತೆ. ಅಲ್ಲಿಯ ಕಪ್ಪು ನೂಲು ಸರಿಯಿಲ್ಲ, ಮಂಕು ಅಂತ ದೂರು ಬಂದಿತ್ತು. ಅವರು ಪರೀಕ್ಷೆ ಮಾಡಿ ನೋಡಿದರೆ ನೂಲಿನ ಬಣ್ಣ ಚೆನ್ನಾಗೇ ಇತ್ತು. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಯಿಂದ ಕಪ್ಪು ಹಾಗೆ ಕಾಣುತ್ತಿತ್ತು. ನಮ್ಮ ನೂಲಿನ ಕೆಲಸದಲ್ಲೇ ಕಂಡುಹಿಡಿದ ವಿಷಯ ಅಂತ ಕೇಳಿ ನನಗೆ ತುಂಬಾ ಖುಷಿಯಾಯಿತು.

ಯಜಮಾನರ ಸಲಹೆ: ನೀಲಿ ಛಾಯೆಯ ಬೂದು ಬೇಡ. ಅದು ಹಳದಿ ಪಕ್ಕ ಇನ್ನೂ ನೇರಳೆಗೆ ಜಾರುತ್ತದೆ. ಸ್ವಲ್ಪ ಬೆಚ್ಚಗಿನ, ಅಂದರೆ ಹಳದಿ-ಕಂದು ಕಡೆ ವಾಲಿದ ಬೂದು ತಗೊಳ್ಳಿ. ನಾನು ತಂದ ಕಲ್ಲಿನ ಚೂರನ್ನು ಕಾರ್ಡಿನ ಮೇಲೆ ಇಟ್ಟು ಒಂದೊಂದೇ ಸರಿಸಿದರು. ಭೋಗನಂದೀಶ್ವರ ದೇವಸ್ಥಾನದ ಗೋಡೆ ಮಧ್ಯಾಹ್ನದ ಹೊತ್ತಿಗೆ ಹೇಗಿರುತ್ತದೋ, ಹೆಚ್ಚುಕಡಿಮೆ ಅಂಥ ಬೂದು ಸಿಕ್ಕಿತು.

ಮೂರಕ್ಕೂ ಸಣ್ಣ ಸ್ಯಾಂಪಲ್ ಡಬ್ಬಿ ಕೊಟ್ಟರು, 200 ಎಂಎಲ್‌ನದು. ಗೋಡೆಗೆ ಹಚ್ಚಬೇಡ, ಡ್ರಾಯಿಂಗ್ ಶೀಟಿಗೆ ಹಚ್ಚು ಎಂದರು. ಇದು ಎಲ್ಲರಿಗೂ ಉಪಯೋಗ ಆಗುವ ಮಾತು. ಶೀಟಾದರೆ ಕಿಟಕಿ ಹತ್ತಿರ, ಮೂಲೆಯಲ್ಲಿ, ಕನ್ನಡಿ ಪಕ್ಕದಲ್ಲಿ ಎಲ್ಲಿ ಬೇಕಾದರೂ ಅಂಟಿಸಿ ನೋಡಬಹುದು. ನಾಲ್ಕು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿದೆ. ಬೂದಿನಲ್ಲಿ ಮೊದಲು ಆರಿಸಿದ್ದು ರಾತ್ರಿ ಹಸಿರು ಹೊಡೆಯಿತು. ಬದಲಾಯಿಸಿಕೊಂಡೆ. ಎರಡನೇ ಸ್ಯಾಂಪಲ್ಲಿಗೂ ದುಡ್ಡು ಕೊಟ್ಟೆ, ಅದು ಅವರ ಹಕ್ಕು.

ಯಾವ ಬಣ್ಣ ಎಷ್ಟು ಅನ್ನುವ ಪ್ರಶ್ನೆ ಉಳಿದಿತ್ತು. ಜರ್ಮನಿಯ ಬೌಹೌಸ್ ಎಂಬ ಕಲಾ ಶಾಲೆಯಲ್ಲಿ ಪಾಠ ಮಾಡಿದ ಯೋಹಾನಸ್ ಇಟೆನ್ ಒಂದು ಲೆಕ್ಕ ಹೇಳಿದ್ದಾರಂತೆ. ಹಳದಿಯ ಹೊಳಪು 9 ಅಂದರೆ ನೇರಳೆಯದು 3. ಅದಕ್ಕೆ ಹಳದಿ ಒಂದು ಪಾಲು ಇದ್ದರೆ ನೇರಳೆ ಮೂರು ಪಾಲು ಇರಬೇಕು, ಆಗ ತೂಕ ಸರಿಹೋಗುತ್ತದೆ. ನಾನು ಹಳದಿಯನ್ನು ಅದಕ್ಕಿಂತಲೂ ಕಡಿಮೆ ಮಾಡಿದೆ. ಬ್ಲೌಸಿಗೆ ಪೈಪಿಂಗ್ ಕೊಡುತ್ತೇವಲ್ಲ, ಕೊರಳಿಗೆ ತೆಳ್ಳನೆಯ ಒಂದು ದಾರದಷ್ಟು? ಹಳದಿಗೆ ಅಷ್ಟೇ ಜಾಗ. ಬಾಗಿಲ ಚೌಕಟ್ಟು, ಶೆಲ್ಫಿನ ಅಂಚು, ಕನ್ನಡಿಯ ಸುತ್ತ ಎರಡು ಬೆರಳಗಲದ ಪಟ್ಟಿ. ಹಿಂದಿನ ಒಂದು ಗೋಡೆ ಮಾತ್ರ ದ್ರಾಕ್ಷಿ ಬಣ್ಣ. ಹೊಲಿದು ಮುಗಿಸಿದ ಬ್ಲೌಸುಗಳನ್ನು ನೇತುಹಾಕುವುದು ಅದರ ಮುಂದೆ. ನಾನು ಕೂರುವ ಕಡೆ, ಬಟ್ಟೆ ಅಳೆಯುವ ಮೇಜಿನ ಕಡೆ, ಕನ್ನಡಿ ಕಡೆ, ಮೂರೂ ಗೋಡೆ ಬೂದು.

ಕಲಸುವ ಮಿಷನ್ ಬಗ್ಗೆ ಒಂದು ಮಾತು. ಬೀರುವಿನಷ್ಟು ಎತ್ತರ ಇದೆ. ಕಂಪ್ಯೂಟರಿಗೆ ನಂಬರ್ ಹಾಕಿದರೆ, ಬೇಸ್, ಅಂದರೆ ಇನ್ನೂ ಬಣ್ಣ ಸೇರಿಸದ ಪೇಂಟ್, ಇರುವ ಡಬ್ಬಿಯೊಳಗೆ ಗಟ್ಟಿ ಬಣ್ಣ ನೂಲಿನ ಎಳೆಯ ಹಾಗೆ ಇಳಿಯುತ್ತದೆ. ಆಮೇಲೆ ಡಬ್ಬಿಯನ್ನು ಇನ್ನೊಂದು ಮಿಷನ್ನಿಗೆ ಬಿಗಿದು ಗಿರಗಿರನೆ ತಿರುಗಿಸುತ್ತಾರೆ. ತಿಳಿ ಬಣ್ಣಕ್ಕೆ ಬಿಳಿ ಬೇಸ್. ದ್ರಾಕ್ಷಿಯಂಥ ದಟ್ಟ ಬಣ್ಣಕ್ಕೆ ಬಿಳಿ ಪುಡಿ ಇಲ್ಲದ ಬೇಸ್, ನೋಡಲು ಗಂಜಿ ತಿಳಿಯ ಹಾಗೆ. ಅದಕ್ಕೇ ಹಸಿಯಿದ್ದಾಗ ಈ ಬಣ್ಣ ಹಾಲು ಸೇರಿಸಿದ ಹಾಗೆ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ದಟ್ಟವಾಗುತ್ತದೆ. ಮೊದಲ ದಿನ ನೋಡಿ ಗಾಬರಿ ಆಗಬೇಡಿ. ನಾನು ಆಗಿದ್ದೆ.

ಮೇಸ್ತ್ರಿಯನ್ನು ಅಂಗಡಿಯವರೇ ಕಳಿಸಿದರು. ಅವರ ಜೊತೆ ಒಬ್ಬ ಹುಡುಗ. ಮೂರೂವರೆ ದಿನದ ಕೆಲಸ. ಹಳೆಯ ಹಳದಿಯನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಬಿರುಕಿಗೆ ಪುಟ್ಟಿ ತುಂಬಿ, ಆಮೇಲೆ ಪ್ರೈಮರ್. ಇಲ್ಲಿ ಅವರು ಮಾಡಿದ್ದು ನನಗೆ ಹೊಸದು. ದ್ರಾಕ್ಷಿ ಬಣ್ಣದ ಗೋಡೆಗೆ ಬಿಳಿ ಪ್ರೈಮರ್ ಬಿಟ್ಟು ಬೂದು ಬೆರೆಸಿದ ಪ್ರೈಮರ್ ಹಚ್ಚಿದರು. "ಅಡಿಗೆ ಬೂದು ಇದ್ರೆ ಮೇಲಿನ ದಟ್ಟ ಬಣ್ಣ ಬೇಗ ಮುಚ್ಚಿಕೊಳ್ತದೆ ಅಕ್ಕ. ಹಳದಿ ಹಾಗಲ್ಲ. ಅದರ ಅಡಿಗೆ ಬಿಳಿನೇ ಇರಬೇಕು" ಎಂದರು. ಹೇಳಿದ ಹಾಗೇ ಆಯಿತು. ದ್ರಾಕ್ಷಿ ಗೋಡೆ ಎರಡು ಕೋಟ್‌ಗೆ ತುಂಬಿಕೊಂಡಿತು. ಹಳದಿ ಪಟ್ಟಿ ಮೂರು ಕೋಟ್ ಕುಡಿಯಿತು. ಅಚ್ಚ ಹಳದಿ ತೆಳ್ಳನೆಯ ವಾಯಿಲ್ ಬಟ್ಟೆಯ ಹಾಗೆ, ಕೆಳಗಿನದನ್ನೆಲ್ಲ ತೋರಿಸಿಬಿಡುತ್ತದೆ.

ಕೊರತೆಯೂ ಇದೆ. ಹೇಳಿದ ದಿನಕ್ಕೆ ದ್ರಾಕ್ಷಿ ಬಣ್ಣ ಸಿಗಲಿಲ್ಲ. ಮಿಷನ್ನಿನಲ್ಲಿ ನೇರಳೆ ಖಾಲಿಯಾಗಿತ್ತು, ಎರಡು ದಿನ ಕಾಯಬೇಕಾಯಿತು. ಮದುವೆ ಸೀಸನ್ನಿನಲ್ಲಿ ಎರಡು ದಿನ ಅಂಗಡಿ ಮುಚ್ಚುವುದು ನನಗೆ ಸಣ್ಣ ಮಾತಲ್ಲ. ಮೊದಲೇ ಫೋನ್ ಮಾಡಿ ಹೇಳಿದ್ದರೆ ಹೊಲಿಗೆ ಮಿಷನ್ ಎತ್ತಿಡುವ ಕೆಲಸವನ್ನಾದರೂ ಮುಂದಕ್ಕೆ ಹಾಕಿಕೊಳ್ಳುತ್ತಿದ್ದೆ. ಕನ್ನಡಿ ಹತ್ತಿರ ಮೇಸ್ತ್ರಿ ಜೊತೆಗಿದ್ದ ಹುಡುಗ ಟೇಪನ್ನು ಪೂರ್ತಿ ಒಣಗಿದ ಮೇಲೆ ಕಿತ್ತ. ಹಳದಿ ಅಂಚು ಎರಡು ಕಡೆ ಸುಲಿದು ಬಂತು. ತಿದ್ದಿ ಕೊಟ್ಟರು, ಆದರೆ ಹತ್ತಿರ ನಿಂತರೆ ಗೊತ್ತಾಗುತ್ತದೆ. ಟೇಪನ್ನು ಬಣ್ಣ ಇನ್ನೂ ಸ್ವಲ್ಪ ಹಸಿಯಿದ್ದಾಗಲೇ ಕೀಳಬೇಕು. ಇನ್ನೊಂದು, ದ್ರಾಕ್ಷಿ ಗೋಡೆಗೆ ಬೆರಳು, ಹ್ಯಾಂಗರ್ ತಾಗಿದರೆ ಬಿಳಿ ಗೀರು ಬೀಳುತ್ತದೆ. ದಟ್ಟ ಬಣ್ಣದ ಗುಣವೇ ಹಾಗೆ. ಮಕ್ಕಳಿರುವ ಮನೆಯ ನಡುಮನೆಗೆ, ಓಡಾಡುವ ಜಾಗಕ್ಕೆ ಇದನ್ನು ನಾನು ಹೇಳುವುದಿಲ್ಲ. ಟಿವಿ ಹಿಂದಿನ ಗೋಡೆಗೆ, ಮಲಗುವ ಕೋಣೆಯಲ್ಲಿ ತಲೆಕಡೆಯ ಗೋಡೆಗೆ ಚೆನ್ನಾಗಿರುತ್ತದೆ.

ಖರ್ಚು: ಬಣ್ಣ, ಪ್ರೈಮರ್, ಪುಟ್ಟಿ, ಸ್ಯಾಂಪಲ್ ಎಲ್ಲ ಸೇರಿ 5,400 ರೂಪಾಯಿ. ಕೂಲಿ 6,000. ಒಂದು ಸಣ್ಣ ಕೋಣೆಗೆ ಜಾಸ್ತಿ ಅನ್ನಿಸಬಹುದು. ಡಿಸೆಂಬರಿನಲ್ಲಿ ಇದಕ್ಕಿಂತ ಕಡಿಮೆಗೆ ಮಾಡಿಸಿದ್ದೆ. ಅದು ಮೂರು ತಿಂಗಳೂ ಉಳಿಯಲಿಲ್ಲ.

ಬಣ್ಣ ಒಣಗಿ ಅಂಗಡಿ ತೆಗೆದ ಮೊದಲ ವಾರವೇ ಆ ಕೆನೆ ಸೀರೆಯವರು ಎರಡನೇ ಮಗಳ ಸೀರೆ ತಂದರು. ತೆನೆ ಬಣ್ಣ, ಗಿಳಿ ಹಸಿರು ಅಂಚು. ಬೂದು ಗೋಡೆಯ ಮುಂದೆ ಸೀರೆ ಬಿಡಿಸಿ ದಾರದ ಉಂಡೆಗಳನ್ನು ಒಂದೊಂದಾಗಿ ಇಟ್ಟೆ. ಆರನೆಯದು ಕೂತಿತು. ಸೀರೆ, ದಾರ ಎರಡನ್ನೂ ಅವರ ಕೈಗೇ ಕೊಟ್ಟು, "ಹೊರಗೆ ಬೆಳಕಿಗೆ ಹಿಡಿದು ನೋಡಿ ಅಕ್ಕ" ಎಂದೆ. ರಸ್ತೆಗೆ ಹೋಗಿ ನೋಡಿಕೊಂಡು ಬಂದರು. ದಾರವನ್ನು ಮೇಜಿನ ಮೇಲಿಟ್ಟು ಅಳತೆ ಬ್ಲೌಸ್ ತೆಗೆದರು.

ಬಣ್ಣದಂಗಡಿ ಭಾನುವಾರ ಮಧ್ಯಾಹ್ನದವರೆಗೆ ಮಾತ್ರ ಇರುತ್ತದೆ. ಬೆಳಿಗ್ಗೆ ಹನ್ನೊಂದರ ಒಳಗೆ ಹೋದರೆ ಯಜಮಾನರೇ ಸಿಗುತ್ತಾರೆ, ಹೊರಗೆ ನೆರಳಿನ ಬೆಳಕೂ ಚೆನ್ನಾಗಿರುತ್ತದೆ. ಬಣ್ಣ ಕಲಸಿದ ಮೇಲೆ ಮಿಷನ್ನಿನಿಂದ ಒಂದು ಚೀಟಿ ಬರುತ್ತದೆ. ಯಾವ ಬೇಸ್, ಯಾವ ಬಣ್ಣ ಎಷ್ಟು ಎಂಎಲ್ ಅಂತ ಅದರಲ್ಲಿ ಇರುತ್ತದೆ. ಕೇಳಿ ತೆಗೆದುಕೊಳ್ಳಿ. ನನ್ನ ಮೂರು ಚೀಟಿ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಕನ್ನಡಿಯ ಹಳದಿ ಅಂಚನ್ನು ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ತಿದ್ದಿಸಬೇಕು.